ಇಳಿಯದ ಗುಂಡಿ

ಅಂದು ಬೆಳಗ್ಗೆ ಮಳೆ ಬರಲೂ ಇಲ್ಲ, ಬಿಡಲೂ ಇಲ್ಲ. ಅಲ್ಲಾಳಸಂದ್ರದ ಕೆರೆಯ ಮೇಲಿನಿಂದ ಎದ್ದ ತೇವ ಹನಿಯಾಗಿ ಬೀಳುವ ಮನಸ್ಸಿಲ್ಲದೆ, ಮಂಜಾಗಿ ಚದುರುವ ಮನಸ್ಸೂ ಇಲ್ಲದೆ, ಬೀದಿಯ ಎರಡು ಸಾಲು ಮನೆಗಳ ನಡುವೆ ತೂಗಿಕೊಂಡು ನಿಂತಿತ್ತು. ಆಯುಧಪೂಜೆಗೆ ಕಟ್ಟಿದ ಮಾವಿನೆಲೆಯ ತೋರಣ ವಾರದಿಂದ ಒಣಗಿ ಸುರುಟಿಕೊಂಡಿದ್ದದ್ದು ಈ ತೇವಕ್ಕೆ ಮತ್ತೆ ಮೆತ್ತಗಾಗಿ, ಸತ್ತದ್ದು ಉಸಿರೆಳೆದುಕೊಂಡ ಹಾಗೆ, ಬಾಗಿಲ ನೆತ್ತಿಯಲ್ಲಿ ಸಣ್ಣಗೆ ಅಲ್ಲಾಡುತ್ತಿತ್ತು. ಯೋಗಾನಂದ ಅದನ್ನು ನೋಡಿದ, ಕಣ್ಣು ತೆಗೆದ, ಮತ್ತೆ ನೋಡಿದ. ಮೇಜಿನ ಮೇಲೆ ಲ್ಯಾಪ್‌ಟಾಪ್ ಬಾಯಿ ತೆರೆದುಕೊಂಡು ಕೂತಿತ್ತು. ಕಪ್ಪು ಪರದೆಯ ನಡುವೆ ರಾತ್ರಿಯಿಡೀ ಕದಲದೆ ನಿಂತಿದ್ದ ಇಂಗ್ಲಿಷಿನ ಎರಡು ಬಿಳಿ ಸಾಲು. ಯಂತ್ರ ತಾನಾಗಿ ಶುರುವಾಗಲಾರದು ಎಂದು ಒಂದು. ಸರಿಪಡಿಸಿಕೊಳ್ಳಲು ಎಫ್ ಹನ್ನೊಂದನ್ನು ಒತ್ತಿ ಎಂದು ಇನ್ನೊಂದು. ಒತ್ತಿದ. ಏನೂ ಆಗಲಿಲ್ಲ. ಬೆರಳನ್ನು ಪಂಚೆಗೆ ಒರೆಸಿಕೊಂಡು, ನರಸಿಂಹಸ್ವಾಮಿಯನ್ನು ನೆನೆದು, ನಿಧಾನವಾಗಿ ಮತ್ತೊಮ್ಮೆ ಒತ್ತಿದ. ಬಿಳಿ ಸಾಲುಗಳು ಅವನನ್ನೇ ನೋಡುತ್ತಿದ್ದವು. ಶಾಲೆಯ ಹೆಡ್‌ಮಿಸ್ ಗಂಗಾದೇವಿಯವರು ಹೊಸ ಕಂಪ್ಯೂಟರ್ ಬಂದ ದಿನ ಸ್ಟಾಫ್‌ರೂಮಿನಲ್ಲಿ ಎಲ್ಲರ ಮುಂದೆ, "ಮುಟ್ರೀ ಯೋಗಾನಂದ, ಅದೇನ್ ಕಚ್ಚಲ್ಲ" ಎಂದು ನಕ್ಕಿದ್ದು, ಅವನು ತಾನೂ ನಕ್ಕಿದ್ದು, ನಗುವಾಗ ಕಿವಿ ಬಿಸಿಯಾಗಿದ್ದು ನೆನಪಾಯಿತು. ಕಚ್ಚುವುದಿಲ್ಲ, ನಿಜ. ಕಚ್ಚಿದ್ದರೆ ಎಲ್ಲಿ ಕಚ್ಚಿತು ಎಂದಾದರೂ ತಿಳಿಯುತ್ತಿತ್ತು.

ಅದು ಅವನ ಲ್ಯಾಪ್‌ಟಾಪ್ ಆಗಿರಲಿಲ್ಲ. ಎದುರು ಸಾಲಿನ ಕೊನೆಯ ಮನೆಯ ಮೆಹಬೂಬ್ ಪಾಷಾನದು. ಪಾಷಾ ತೀರಿಕೊಂಡ ಮೇಲೆ ಅವನ ಹೆಂಡತಿ ರೆಹಾನಾಳದು. ಯಶವಂತಪುರದಲ್ಲಿ ಲೇತ್ ಶೆಡ್ ಇಟ್ಟುಕೊಂಡು, ಕಬ್ಬಿಣ ಕೊರೆಯುವ ಸದ್ದಿಗಿಂತ ಮೇಲೆ ಕೂಗಿ ಕೂಗಿ ದೊಡ್ಡದಾಗಿದ್ದ ಗಂಟಲು ಪಾಷಾನದು. ಆ ಗಂಟಲಿಗೇ ಗಂಟು ಬಂತು. ಆಪರೇಷನ್ ಆದರೆ ಮಾತು ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಮನುಷ್ಯ ಅಳಲಿಲ್ಲ. ಲ್ಯಾಪ್‌ಟಾಪ್ ತರಿಸಿ ಯೋಗಾನಂದನನ್ನು ಕರೆದ. "ಹೋಗೋಕ್ ಮುಂಚೆ ಇದ್ರೊಳಗೆ ಇಟ್ಬಿಟ್ಟು ಹೋಗ್ತೀನಿ ಯೋಗಣ್ಣ. ನಿಮಗೆ ಇದೆಲ್ಲ ಗೊತ್ತಲ್ಲ." ಗೊತ್ತಿರಲಿಲ್ಲ. ಆದರೆ ಗೊತ್ತಿದೆ ಎಂದು ಇನ್ನೊಬ್ಬ ನಂಬಿದ್ದು ಎಷ್ಟು ಹಿತವಾಗಿತ್ತೆಂದರೆ, ಯೋಗಾನಂದ ಮೈಕಿನ ಚಿತ್ರದ ಮೇಲೆ ಒತ್ತಿ, ಪಾಷಾನ ಮುಂದೆ ಇಟ್ಟು ಕೂತಿದ್ದ. ಕೆಲವು ಮಧ್ಯಾಹ್ನಗಳು ಹಾಗೇ ಹೋದವು. ಮಗಳು ರುಖ್ಸಾರ್‌ಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಕತೆಗಳು, ಅವಳ ನಿಕಾಹ್‌ಗೆಂದು ಹರಸುವ ಒಂದು ದುವಾ, ಹೆಂಡತಿಯನ್ನು ಚಾಯ್‌ಗೆ ಕರೆಯುವ ಕೂಗು. ಆಮೇಲೆ ಮಾತು ಹೋಯಿತು. ವರ್ಷ ತುಂಬುವ ಮೊದಲೇ ಮನುಷ್ಯನೂ ಹೋದ. ರೆಹಾನಾ ಅದನ್ನು ಒಂದು ದಿನವೂ ಕೇಳಲಿಲ್ಲ. "ಕೇಳಿದ್ರೆ ಮುಗಿದುಹೋಗುತ್ತೆ ಅನ್ಸುತ್ತೆ ಅಣ್ಣಾ. ನೀವೇ ಇಟ್ಕೊಳ್ಳಿ, ಹಾಳಾಗ್ದಂಗೆ ಆಗಾಗ ಆನ್ ಮಾಡ್ತಾ ಇರಿ" ಎಂದು ಕೊಟ್ಟಿದ್ದಳು. ಅವನು ಆನ್ ಮಾಡುತ್ತಿದ್ದ. ಮೊದಮೊದಲು ಅದಕ್ಕಾಗಿಯೇ. ಆಮೇಲೆ ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಲು, ಸೋದರಮಾವನ ಮಗನ ಮದುವೆಯ ಆಹ್ವಾನಪತ್ರಿಕೆಗೆ, ರೈಲಿನ ಟಿಕೆಟ್ಟಿಗೆ. ಈಗ ರುಖ್ಸಾರ್‌ಗೆ ಮದುವೆ. ಶುಕ್ರವಾರ ನಿಕಾಹ್, ಆ ಬೆಳಗ್ಗೆ ಮಗಳು ತಂದೆಯ ದುವಾ ಕೇಳಿ ಎದ್ದು ನಿಲ್ಲಬೇಕು ಎಂದು ರೆಹಾನಾಳ ಆಸೆ. ಇಂದು ಬುಧವಾರ. ಇಂದು ಸಂಜೆ ಕೊಡಬೇಕು. ನಿನ್ನೆ ಸಂಜೆ ಯಂತ್ರ ತನ್ನೊಳಗೇ ಏನನ್ನೋ ಹೊಂದಿಸಿಕೊಳ್ಳುತ್ತ, ದಯವಿಟ್ಟು ಆರಿಸಬೇಡಿ ಎಂದು ಬೇಡಿಕೊಳ್ಳುತ್ತಿದ್ದಾಗ ಕರೆಂಟು ಹೋಯಿತು. ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟು ಬಂದಾಗ ಬಂದದ್ದು ಈ ಎರಡು ಬಿಳಿ ಸಾಲು ಮಾತ್ರ.

"ತಿಂಡಿ ಆರ್ತಾ ಇದೆ" ಎಂದಳು ರಾಧಾಮಣಿ ಅಡುಗೆಮನೆಯಿಂದ. ಅವಳೇ ಬಂದು, ಕೈಯ ಹಿಟ್ಟನ್ನು ಸೆರಗಿಗೆ ಒರೆಸುತ್ತ, ಗಂಡನ ಹಿಂದೆ ನಿಂತಳು. "ಇನ್ನೂ ಅದನ್ನೇ ಒತ್ತುತಾ ಇದೀರಾ?"

"ಕೆಂಪಾಪುರದ ಕಂಪ್ಯೂಟರ್ ರಿಪೇರಿ ಸುರೇಶ್‌ಗೆ ರಾತ್ರೀನೇ ಫೋನ್ ಮಾಡಿದ್ದೆ. ಒಳಗೇ ರಿಕವರಿ ಅಂತ ಇಟ್ಟಿರ್ತಾರಂತೆ. ಈ ಬಟನ್ ಒತ್ತಿದ್ರೆ ಅದು ಎದ್ದು ಬಂದು ಎಲ್ಲಾ ಹೊಸದರ ಹಂಗೆ ಮಾಡುತ್ತಂತೆ."

"ಎದ್ದು ಬರ್ತಾ ಇಲ್ವಲ್ಲ?"

"ಬರುತ್ತೆ."

ರಾಧಾಮಣಿ ಬಗ್ಗಿ ನೋಡಿದಳು. ಹಬ್ಬದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿದ ಕೈ ಅವಳದು. ಬೆರಳ ತುದಿ ಇನ್ನೂ ಕಪ್ಪಗಿತ್ತು. ಆ ಬೆರಳಿಂದ ಸಾಲಿನ ಒಂದೊಂದು ಗುಂಡಿಯನ್ನೂ ಮೆಲ್ಲಗೆ ಅದುಮುತ್ತ ಹೋದಳು. ಎಲ್ಲವೂ ಸಣ್ಣದಾಗಿ ಟಿಕ್ ಎಂದು ಇಳಿದು ಎದ್ದವು. ಒಂದು ಇಳಿಯಲಿಲ್ಲ. "ರೀ, ಇದು ಕೆಳಗೆ ಹೋಗ್ತಾನೇ ಇಲ್ಲ. ನೀವು ಕಲ್ಲಿನ್ ಮೇಲೆ ಬೆರಳಿಟ್ಕೊಂಡು ಒತ್ತುತಾ ಇದೀರಿ."

ಯಾಕೆ ಇಳಿಯುವುದಿಲ್ಲ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ತಿಳಿದದ್ದು ಮುಖದ ಮೇಲೆ ಕಾಣದಿರಲಿ ಎಂದು ಎದ್ದು ಕಿಟಕಿಯ ಬಳಿ ಹೋದ. ಆಯುಧಪೂಜೆಯ ದಿನ ಹೊಲಿಗೆ ಮಿಷಿನ್ನು, ಸೈಕಲ್ಲು, ಈಳಿಗೆಮಣೆ, ಗ್ಯಾಸ್ ಒಲೆ ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿ ಹೂ ಇಟ್ಟಾದ ಮೇಲೆ, ತಟ್ಟೆಯಲ್ಲಿ ತೇಯ್ದ ಗಂಧ ಇನ್ನೂ ಉಳಿದಿತ್ತು. ಲ್ಯಾಪ್‌ಟಾಪ್ ಕಣ್ಣಿಗೆ ಬಿತ್ತು. ದುಡಿಯುವ ಯಂತ್ರ, ವರ್ಷವೆಲ್ಲ ತನಗೇ ದುಡಿದದ್ದು. ಅದೊಂದನ್ನೇ ಬಿಟ್ಟರೆ ಏನಾದರೂ ಆದೀತು ಎಂಬ ಹೆದರಿಕೆ. ಹಚ್ಚಿದರೆ? ಅದು ಅವರ ಮನೆಯದು. ಕೇಳಬೇಕು. ಕೇಳಲು ನಾಚಿಕೆ, ಕೇಳಿದರೆ, ಇನ್ನೂ ನಿಮ್ಮಲ್ಲೇ ಇದೆಯಲ್ಲ ಅಣ್ಣಾ, ಎಂದು ಅವಳಿಗೆ ನೆನಪಾದೀತು. ಮುಚ್ಚಳದ ಮೇಲೆ ಇಟ್ಟರೆ ಕಡ್ಲೆಪುರಿ ಇಸಿದುಕೊಳ್ಳಲು ಬರುವ ರೆಹಾನಾಳ ಕಣ್ಣಿಗೆ ಬೀಳುತ್ತದೆ. ಅವನು ಬಾಗಿಲ ಕಡೆಗೊಮ್ಮೆ ನೋಡಿ, ಕಳ್ಳನ ಹಾಗೆ ಮುಚ್ಚಳ ತೆರೆದು, ತಾನೆಂದೂ ಮುಟ್ಟದ ಮೇಲಿನ ಸಾಲಿನ ಒಂದು ಗುಂಡಿಯ ಮೇಲೆ, ದೇವರಿಗೂ ತನಗೂ ಮಾತ್ರ ಗೊತ್ತಿರಲಿ ಎಂಬಂತೆ, ಗಂಧವನ್ನು ದಪ್ಪಗೆ ಇಟ್ಟು ಅದರ ಮೇಲೆ ಕುಂಕುಮ ಒತ್ತಿದ. ಮಾರನೆಯ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದ್ದ. ಒರೆಸಿದಾಗ ಮೇಲಿನದು ಹೋಯಿತು; ನೀರಾದದ್ದು ಬಿರುಕಿನಲ್ಲಿ ಇಳಿಯಿತು. ಎಷ್ಟೋ ಗುಂಡಿಗಳಿದ್ದವು. ಬೆರಳು ಯಾಕೆ ಅದರ ಮೇಲೇ ಹೋಯಿತು?

ರಾಧಾಮಣಿಯ ತಲೆಯ ಪಿನ್ನು ಇಸಿದುಕೊಂಡು ಗುಂಡಿಯ ಅಂಚಿನಲ್ಲಿ ಕೆರೆದ. ಕೆಂಪು ಪುಡಿ ಉದುರಿತು, ಒಣಗಿದ ಗಾಯದ ಹೆಪ್ಪಿನ ಹಾಗೆ. ರಾಧಾಮಣಿ ಅದನ್ನು ನೋಡಿದಳು, ಗಂಡನ ಮುಖ ನೋಡಿದಳು. ಏನನ್ನೂ ಕೇಳಲಿಲ್ಲ. ಕೇಳದಿದ್ದದ್ದು ಅವನಿಗೆ ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು. "ತಗೊಂಡ್ ಹೋಗಿ ತೋರಿಸ್ಕೊಂಡ್ ಬನ್ನಿ. ಸ್ಕೂಲಿಗೆ ಜ್ವರ ಅಂತ ನಾನ್ ಹೇಳ್ತೀನಿ" ಎಂದಷ್ಟೇ ಹೇಳಿ, ಒಳಗಿನಿಂದ ಒಂದು ಹಳೆಯ ದುಪ್ಪಟಿಯನ್ನೂ ತರಕಾರಿಯ ಬಟ್ಟೆಚೀಲವನ್ನೂ ತಂದುಕೊಟ್ಟಳು.

ಚೀಲ ಎದೆಗೊತ್ತಿಕೊಂಡು ಹೊರಟಾಗ ರೆಹಾನಾ ತನ್ನ ಮನೆಯ ಗೇಟಿನಲ್ಲೇ ಇದ್ದಳು. ಶಾಮಿಯಾನದವನು ಕೋಲು ಇಳಿಸುತ್ತಿದ್ದ; ಅವಳು ದುಪಟ್ಟಾ ತಲೆಗೆಳೆದುಕೊಂಡು ಅವನಿಗೆ ಜಾಗ ತೋರಿಸುತ್ತಿದ್ದಳು. ಬೇರೆ ಬೀದಿಯಿಂದ ಸುತ್ತಿ ಹೋಗಬಹುದಿತ್ತು; ತಡವಾಗಿತ್ತು.

"ಏನಣ್ಣಾ, ಇಷ್ಟೊತ್ನಲ್ಲಿ ತರಕಾರಿಗಾ? ಸ್ಕೂಲಿಲ್ವಾ?"

"ಹೂಂ... ಅಲ್ಲ. ಒಂಚೂರು ಕೆಲಸ ಇತ್ತು ಹೆಬ್ಬಾಳದ ಕಡೆ."

"ಸಾಯಂಕಾಲ ಅದನ್ನ ತರ್ತೀರಲ್ವಾ? ರುಖ್ಸಾರ್‌ಗೆ ಇನ್ನೂ ಹೇಳಿಲ್ಲ. ಗೊತ್ತಾದ್ರೆ ಈಗ್ಲೇ ಅಳೋಕೆ ಶುರು ಮಾಡ್ತಾಳೆ, ಮೆಹಂದಿ ಎಲ್ಲ ಕೆಡಿಸ್ಕೋತಾಳೆ."

"ತರ್ತೀನಮ್ಮ. ಚಾರ್ಜಿಗೆ ಹಾಕಿದೀನಿ" ಎಂದ. ಚೀಲದೊಳಗಿನದು ಅವನ ಪಕ್ಕೆಲುಬಿಗೆ ಒತ್ತುತ್ತಿತ್ತು. ಚಾರ್ಜಿಗೆ ಹಾಕಿದ್ದೀನಿ. ಎಷ್ಟು ಸಲೀಸಾಗಿ ಬಂತು! ಸುಳ್ಳು ಬಾಯಿಂದ ಹೊರಬಿದ್ದ ಮೇಲೆಯೂ ನಾಲಿಗೆಯ ಮೇಲೆ ಅದರ ರುಚಿ ಉಳಿದುಕೊಂಡ ಹಾಗೆ ಎಂಜಲು ನುಂಗುತ್ತ ಬಸ್‌ಸ್ಟಾಪಿನವರೆಗೆ ನಡೆದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಡ್ರೈವರು ಬ್ರೇಕು ಹಾಕಿದಾಗಲೆಲ್ಲ ಅದರ ಮೇಲೆ ಬಗ್ಗಿ ಎರಡೂ ಕೈ ಸುತ್ತುತ್ತಿದ್ದ. ಪಕ್ಕದ ಹೆಂಗಸು, ಒಳಗೆ ಮೊಟ್ಟೆ ಇದೆಯೇನೋ ಎಂಬಂತೆ, ಸ್ವಲ್ಪ ಸರಿದು ಕೂತಳು. ಒಳಗೊಬ್ಬ ಮನುಷ್ಯನಿದ್ದಾನೆ, ಅವನು ಮಾತಾಡುತ್ತಾನೆ, ಅಥವಾ ಈಗ ಮಾತಾಡುವುದಿಲ್ಲ. ನಾನು ಅವನನ್ನು ಬದನೆಕಾಯಿಯ ಚೀಲದಲ್ಲಿ ಹಾಕಿಕೊಂಡು ಹೊರಟಿದ್ದೇನೆ ಎಂದು ಅವಳಿಗೆ ಹೇಳಿದರೆ? ಚಿಕ್ಕಂದಿನಲ್ಲಿ ಹುಣಸಮಾರನಹಳ್ಳಿಯ ಮನೆಯ ಜಗಲಿಯ ಮೇಲೆ ಅವ್ವ ಅಕ್ಕಯ್ಯಮ್ಮ ಕತೆ ಹೇಳುತ್ತಿದ್ದಳು. ಒಬ್ಬಾನೊಬ್ಬ ಯಾತ್ರೆಗೆ ಹೊರಟವನು ಕಂಡ್ಲಾ ಯೋಗ, ತನ್ ಮನೆ ದೀಪಾನ ನೆರೆಮನೆಯೋನ್ ಕೈಗೆ ಕೊಟ್ಟು, ನಾ ಬರಾಗಂಟ ಆರ್ದಂಗೆ ನೋಡ್ಕೊ ಅಂದ. ನೆರೆಮನೆಯೋನು ಇಂಗೆ ಅಂಗೈ ಅಡ್ಡ ಇಟ್ಕೊಂಡು ಕಾಯ್ದ. ವಸಿ ದಿನ ಆಯ್ತು. ಎಂಗೂ ಉರೀತದಲ್ಲ ಅಂತ ಅದ್ರ ಬೆಳಕ್ನಾಗೆ ತನ್ ಬುಟ್ಟಿ ಎಣೆಯೋಕ್ ಸುರು ಹಚ್ಕಂಡ. ಬೆಳಕಿಗೆ ಏನೂ ಕಮ್ಮಿಯಾಗಲಿಲ್ಲ. ಬುಟ್ಟಿ ಚೆನ್ನಾಗಿ ಬಂತು. ಆಮೇಕೆ ಒಂದಿನ ಗಾಳಿ ಬಂತು ನೋಡು, ಎಂದು ಅವ್ವ ದನಿ ಇಳಿಸುತ್ತಿದ್ದಳು. ಆ ಗಾಳಿ ಬರುವ ಹೊತ್ತಿಗೆ ಅವನಿಗೆ ಪ್ರತಿಸಲವೂ ನಿದ್ದೆ. ಮುಂದೆ ಏನಾಯಿತೆಂದು ಅವನು ಎಂದೂ ಕೇಳಲಿಲ್ಲ, ಅವ್ವ ಹೋದ ಮೇಲೆ ಕೇಳಲು ಯಾರೂ ಇಲ್ಲ. ಯಾತ್ರೆಗೆ ಹೋದವನು ತಿರುಗಿ ಬಂದನೆ? ಬಂದು, ಆರಿದ ದೀಪದ ಮುಂದೆ ನಿಂತು, ಏನೆಂದ? ಬಸ್ಸು ವಿಮಾನನಿಲ್ದಾಣದ ರಸ್ತೆಯ ಮೇಲುಸೇತುವೆಯ ಕೆಳಗೆ ನಿಂತಿತ್ತು. ತಲೆಯ ಮೇಲೆ ಕಾರುಗಳು ಹರಿಯುವ ಸದ್ದು, ಗಾಳಿಯ ಹಾಗೆ.

ಕೆಂಪಾಪುರದ ಮುಖ್ಯರಸ್ತೆಯಲ್ಲಿ ಬೇಕರಿಗೂ ಮೆಡಿಕಲ್ ಸ್ಟೋರಿಗೂ ನಡುವೆ ಸುರೇಶನ ಅಂಗಡಿ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಸುರೇಶ ಬನ್ನು ತಿನ್ನುತ್ತಲೇ ಮುಚ್ಚಳ ತೆರೆದು, ಗುಂಡಿ ಅದುಮಿ, ಮೂಸಿ ನೋಡಿದ.

"ಏನ್ ಸಾರ್ ಇದು, ಸಾರಿನ ಪುಡಿ ಗೀರಿನ ಪುಡಿ ಅರೆದ್ರಾ ಇದ್ರ ಮೇಲೆ?"

"ಪೂಜೆ ಮಾಡಿದ್ದೆ."

"ಅಯ್ಯೋ ಸಾರ್! ಪೂಜೆ ಮಾಡೋರು ಮುಚ್ಚಳಕ್ಕೆ ಹಚ್ತಾರೆ. ಕೀಬೋರ್ಡ್ ಒಳಗೆ ಯಾರ್ ಹಚ್ತಾರೆ? ಗೇರ್‌ಬಾಕ್ಸ್ ಬಿಚ್ಚಿ ಅರಿಶಿನ ಹಾಕಿದಂಗಾಯ್ತು." ಬೇಕರಿಯ ಮುಂದೆ ಟೀ ಕುಡಿಯುತ್ತಿದ್ದವನೊಬ್ಬ ಇತ್ತ ತಿರುಗಿ ನಕ್ಕ. ಯೋಗಾನಂದನೂ ನಕ್ಕ, ಕಿವಿ ಬಿಸಿಯಾಯಿತು. "ಇರ್ಲಿ ಬಿಡಿ, ಬೇರೆ ಕೀಬೋರ್ಡ್ ಸಿಗಿಸ್ತೀನಿ. ರಿಕವರಿ ತಾನೇ, ಒಂದ್ ಗಂಟೇಲಿ ಕೈಗೆ ಕೊಡ್ತೀನಿ."

ಧೂಳು ಹಿಡಿದ ಒಂದು ಕೀಬೋರ್ಡನ್ನು ಬಾಲ ಹಿಡಿದೆಳೆದು ಪಕ್ಕಕ್ಕೆ ಸಿಕ್ಕಿಸಿದ. ಯಂತ್ರವನ್ನು ಆರಿಸಿ ಹೊತ್ತಿಸಿದ. ಎರಡು ಬಿಳಿ ಸಾಲು ಬಂದವು. ಸುರೇಶ ಬನ್ನಿನ ಎಣ್ಣೆಯ ಬೆರಳಿನಿಂದ ಅದರ ಎಫ್ ಹನ್ನೊಂದನ್ನು ಒಂದೇ ಒಂದು ಸಲ ತಟ್ಟಿದ. ಇಡೀ ರಾತ್ರಿ ಯೋಗಾನಂದ ಬೇಡಿಕೊಂಡದ್ದು ಆ ಕ್ಷಣ ಆಯಿತು: ಕಪ್ಪು ಸರಿದು ನೀಲಿ ಬಂತು, ಸಮುದ್ರದ ಹಾಗೆ ತಿಳಿಯಾದ ನೀಲಿ, ಅದರ ಮೇಲೆ ಅಚ್ಚುಕಟ್ಟಾದ ಬಿಳಿ ಅಕ್ಷರ. ಅವನ ಕಣ್ಣಿನಲ್ಲಿ ನೀರು ತುಂಬಿತು. ಎದ್ದು ಬಂತು, ಎಂದುಕೊಂಡ, ಅಪ್ಪಾ ನರಸಿಂಹಾ, ಎದ್ದು ಬಂತು. ನೀರಿನ ಮೂಲಕವೇ ಸಾಲುಗಳನ್ನು ಓದಿದ. ಪ್ರಶ್ನೆಪತ್ರಿಕೆಯ ತಪ್ಪು ಹುಡುಕಿ ಹುಡುಕಿ ಒಂದು ಅಕ್ಷರವನ್ನೂ ಬಿಡದೆ ಓದುವ ಚಟ ಅವನದು. ಈ ಯಂತ್ರವನ್ನು ಕೊಂಡ ದಿನ ಹೇಗಿತ್ತೋ ಹಾಗೆ ಮಾಡಲಾಗುವುದು. ಆಮೇಲೆ ಇದರಲ್ಲಿ ಸೇರಿದ ಎಲ್ಲವೂ ಅಳಿಸಿಹೋಗುವುದು. ಮುಂದುವರಿಯಲೆ?

ಸುರೇಶನ ಬೆರಳು ಮುಂದುವರಿಯುತ್ತಿತ್ತು. ಯೋಗಾನಂದ ಗಾಜಿನ ಕಪಾಟಿನ ಮೇಲಿಂದ ಅರ್ಧ ದೇಹ ಚಾಚಿ ಅವನ ಮಣಿಕಟ್ಟನ್ನು ಹಿಡಿದುಬಿಟ್ಟ. ಬನ್ನು ನೆಲಕ್ಕೆ ಬಿತ್ತು.

"ಏನ್ ಸಾರ್, ಕೈ ಮುರೀತೀರಾ!"

"ಬೇಡ. ಒತ್ತಬೇಡ. ಅದರಲ್ಲಿ ಒಬ್ಬರು ಇದಾರೆ."

"ಯಾರಿದಾರೆ?"

"ಧ್ವನಿ. ರೆಕಾರ್ಡಿಂಗ್. ಬೇರೆ ಎಲ್ಲೂ ಇಲ್ಲ ಅದು."

"ಅದನ್ನ ಮೊದ್ಲೇ ಹೇಳ್ಬಾರ್ದಾ? ರಾತ್ರಿ ಫೋನಲ್ಲಿ ಕೇಳ್ದೆ ತಾನೆ ನಾನು, ಡೇಟಾ ಏನಾದ್ರೂ ಇದ್ಯಾ ಅಂತ? ಏನಿಲ್ಲ ಅಂದ್ರಿ!"

ಹೌದು, ಏನಿಲ್ಲ ಎಂದಿದ್ದ. ಇದೆ ಎಂದರೆ ಏನಿದೆ ಎಂದು ಕೇಳುತ್ತಾನೆ. ಏನಿದೆ ಎಂದರೆ ಯಾರದು ಎಂದು ಕೇಳುತ್ತಾನೆ. ಈಗ ಎಲ್ಲ ಕೇಳುವ ಹಾಗೆ ಸುರೇಶ ಅವನನ್ನೇ ನೋಡುತ್ತಿದ್ದ, ಟೀ ಕುಡಿಯುವವನೂ ನೋಡುತ್ತಿದ್ದ. "ಇದು ನಂದಲ್ಲಪ್ಪ" ಎಂದ ಯೋಗಾನಂದ. "ನನ್ನ ಹತ್ರ ಇಡೋಕೆ ಕೊಟ್ಟಿದ್ರು. ತೀರ್ಕೊಂಡಿರೋರದು." ಹೇಳಿ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಕೂತಲ್ಲೇ ಅವನಿಗೆ ಅರ್ಥವಾಗುತ್ತ ಬಂತು. ಒಮ್ಮೆಗೇ ಅಲ್ಲ, ತೇವ ಗೋಡೆಗೆ ಏರುವ ಹಾಗೆ. ರಾತ್ರಿ ಆ ಗುಂಡಿ ಒಂದೇ ಒಂದು ಸಲ ಇಳಿದಿದ್ದರೆ, ನೀಲಿ ಬಂದಿದ್ದರೆ, ಆಗ ಅವನು ಓದುತ್ತಿದ್ದನೆ? ಓದುತ್ತಿರಲಿಲ್ಲ. ಆ ಹೊತ್ತಿನ ಹೆದರಿಕೆಯಲ್ಲಿ, ಬಂತಲ್ಲ ಎಂಬ ಆತುರದಲ್ಲಿ, ಹೌದು ಹೌದು ಎಂದು ಒತ್ತುತ್ತ ಹೋಗುತ್ತಿದ್ದ. ತನ್ನ ಕೈಯಿಂದಲೇ, ದೇವರ ಹೆಸರು ಹೇಳಿಕೊಂಡು, ಪಾಷಾನನ್ನು ಒರೆಸಿ ಹಾಕುತ್ತಿದ್ದ. ಬೆಳಗ್ಗೆ ಹೊಚ್ಚ ಹೊಸದಾದ ಯಂತ್ರವನ್ನು ನೋಡಿ ಕೈ ಮುಗಿಯುತ್ತಿದ್ದ. ಕದ್ದು ಹಚ್ಚಿದ ಗಂಧ ಒಳಗೆ ಕಲ್ಲಾಗಿ ಕೂತು ಅವನ ಬೆರಳನ್ನು ತಡೆದಿತ್ತು. ಅದನ್ನು ಅವನು ಬೆಳಗ್ಗೆಯಿಂದ ಶಪಿಸಿದ್ದ. ಇದು ಕಾಪಾಡಿದ್ದು ಎಂದುಕೊಳ್ಳಲೂ ಅವನಿಗೆ ಧೈರ್ಯ ಸಾಲಲಿಲ್ಲ. ಕಾಪಾಡುವವನು ಯಾರನ್ನು ಕಾಪಾಡಿದ? ತನ್ನನ್ನಂತೂ ಅಲ್ಲ.

ಸುರೇಶ ಇಳಿಯದ ಗುಂಡಿಯನ್ನು ಕಿತ್ತು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪನ್ನು ಬೋರಲು ಹಾಕಿ, ತಿರುಪು ಬಿಚ್ಚಿ, ಒಳಗಿನಿಂದ ಅಂಗೈಯಗಲದ ಒಂದು ಪೆಟ್ಟಿಗೆ ತೆಗೆದು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. "ಇದು ಎದ್ರೆ ಇದೆ, ಇಲ್ಲಾಂದ್ರೆ ಇಲ್ಲ ಸಾರ್. ನನ್ನ ಬೈಬೇಡಿ ಆಮೇಲೆ." ಪೆಟ್ಟಿಗೆ ಒಳಗೊಳಗೇ ಗುಟುಕರಿಸಿತು, ಗಂಟಲು ಕೆಟ್ಟವರು ನೀರು ನುಂಗುವ ಹಾಗೆ. ನಿಂತಿತು. ಮತ್ತೆ ಗುಟುಕರಿಸಿತು. ಆಸ್ಪತ್ರೆಯಲ್ಲಿ ಪಾಷಾ ಕೊನೆಗೆ ಹಾಗೇ ನುಂಗುತ್ತಿದ್ದ. ಕೈಸನ್ನೆಯಲ್ಲಿ ಏನೋ ಕೇಳುತ್ತಿದ್ದ, ಬೆರಳಿನಿಂದ ಗಾಳಿಯಲ್ಲಿ ಒಂದು ದುಂಡನೆಯ ಆಕಾರ ಬರೆದು ತೋರಿಸುತ್ತಿದ್ದ. ಎಲ್ಲರೂ ಚಪಾತಿ ಎಂದುಕೊಂಡಿದ್ದರು. ಯೋಗಾನಂದನೂ. ನುಂಗೋಕಾಗಲ್ಲ, ಚಪಾತಿ ಬೇಡ ಪಾಷಾರೇ ಎಂದು ಕೈ ಸವರಿದ್ದ. ಪಾಷಾ ಕಣ್ಣು ಮುಚ್ಚಿಕೊಂಡಿದ್ದ.

"ಬಂತು ಸಾರ್. ಹಾಡಿನ ಫೈಲು ತರ ಇದೆ. ಇವೇನಾ?" ಎಂದು ಸುರೇಶ ಒಂದನ್ನು ಒತ್ತಿದ.

ಅಂಗಡಿಯ ಮೂಲೆಯ ಸ್ಪೀಕರಿನಿಂದ ಪಾಷಾ ಕೆಮ್ಮಿದ. "ಆನ್ ಆಯ್ತಾ ಯೋಗಣ್ಣ? ಕೆಂಪು ದೀಪ ಬಂತಾ?" ಬೇಕರಿಯವನು, ಟೀಯವನು, ರಸ್ತೆಯ ಆಟೋಗಳು ಎಲ್ಲ ದೂರವಾದವು. ಲೇತಿನ ಮೇಲೆ ಕೂಗಿದ ಆ ದೊಡ್ಡ ಗಂಟಲು, ಮಗಳ ಹೆಸರು ಬಂದಾಗ ಮಾತ್ರ ಸಣ್ಣದಾಗುವ ಗಂಟಲು. ದುವಾ ಇತ್ತು. ಕತೆಗಳಿದ್ದವು. ರೆಹಾನಾ, ಚಾಯ್ ಲಾ, ಎಂಬ ಕೂಗು ಇತ್ತು. ಅದರ ಹಿಂದೆ ಬಳೆಯ ಸದ್ದೂ ಇತ್ತು. ಕೊನೆಯ ಫೈಲಿನ ಕೊನೆಯಲ್ಲಿ ದುವಾ ಮುಗಿದ ಮೇಲೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು. ಆಮೇಲೆ ಪಾಷಾ ಮತ್ತೆ ಮಾತಾಡಿದ, ಯಂತ್ರ ಇನ್ನೂ ಕೇಳಿಸಿಕೊಳ್ಳುತ್ತಿದೆ ಎಂಬ ಅರಿವಿಲ್ಲದೆ:

"ಯೋಗಣ್ಣ, ಒಂದ್ ಕೆಲಸ. ಇದನ್ನೆಲ್ಲ ಒಂದು ಸೀಡಿಗೆ ಹಾಕಿ ರೆಹಾನಾ ಕೈಗೆ ಕೊಟ್ಬಿಡಿ. ಒಂದೇ ಮಿಷಿನ್ ನಂಬ್ಕೊಂಡು ನಾನ್ ಯಾವತ್ತೂ ಆರ್ಡರ್ ಹಿಡ್ದೋನಲ್ಲ."

"ನಾಳೇನೇ ಮಾಡ್ಕೊಡ್ತೀನಿ ಪಾಷಾರೇ."

ಎರಡನೆಯ ದನಿ ಯಾರದೆಂದು ಅವನಿಗೆ ತಟ್ಟನೆ ಗುರುತು ಸಿಗಲಿಲ್ಲ. ಎಷ್ಟು ಧಾರಾಳವಾದ ದನಿ! ಎಷ್ಟು ನಿಶ್ಚಿಂತೆ! ಆ ದುಂಡನೆಯ ಆಕಾರ ಚಪಾತಿಯಲ್ಲ. ಅವನು ಕೂತ ಮೆಟ್ಟಿಲು ಸ್ವಲ್ಪ ಓರೆಯಾದ ಹಾಗಾಯಿತು. ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ತಾನು ಬೇಡ ಬೇಡ ಎಂದು ಕೈ ಸವರಿದ್ದು ಯಾವುದನ್ನು?

"ಸೀಡಿ ಮಾಡ್ಕೊಡ್ಲಾ ಸಾರ್? ಅವರೇ ಹೇಳ್ತಾ ಇದಾರಲ್ಲ" ಎಂದ ಸುರೇಶ, ತಮಾಷೆ ಮಾಡುತ್ತಿರಲಿಲ್ಲ. ದನಿ ತಗ್ಗಿಸಿದ್ದ. "ಕೊನೇಲಿ ಇದೊಂಚೂರು ಸುಮ್ನೆ ಮಾತು ಬಂದ್ಬಿಟ್ಟಿದೆ. ಬೇಕಾದ್ರೆ ಕಟ್ ಮಾಡ್ತೀನಿ, ದುವಾ ಮುಗಿದ ಜಾಗಕ್ಕೆ ನಿಲ್ಲಿಸಿದ್ರೆ ನೀಟಾಗಿರುತ್ತೆ."

ನೀಟಾಗಿರುತ್ತದೆ. ದುವಾ ಮುಗಿಯುತ್ತದೆ, ಫ್ಯಾನು ಸದ್ದು ಮಾಡುತ್ತದೆ, ಮಗಳು ಕಣ್ಣೊರೆಸಿಕೊಳ್ಳುತ್ತಾಳೆ, ತಾಯಿ ಯೋಗಣ್ಣನ ಉಪಕಾರ ನೆನೆಯುತ್ತಾಳೆ. ಯಾರಿಗೆ ನಷ್ಟ? ಪಾಷಾ ಮಗಳಿಗೆ ಹೇಳಿದ್ದಂತೂ ಅಲ್ಲ ಅದು. ಪರದೆಯ ಮೇಲೆ ದನಿ ಒಂದು ಹಸಿರು ಗೆರೆಯಾಗಿ ಹರಿದಿತ್ತು, ಗುಡ್ಡಗಳು, ತಗ್ಗುಗಳು, ಬಲತುದಿಯಲ್ಲಿ ಎರಡು ಸಣ್ಣ ಗುಡ್ಡ, ಒಂದು ಪಾಷಾನದು, ಒಂದು ಅವನದು. ಸುರೇಶ ಬಾಣದ ಗುರುತನ್ನು ಅವುಗಳ ಮುಂದೆ ತಂದು ನಿಲ್ಲಿಸಿ ಕಾಯುತ್ತಿದ್ದ. ಶುಕ್ರವಾರ ಬೆಳಗ್ಗೆ ನೆಂಟರು ತುಂಬಿದ ಮನೆಯಲ್ಲಿ ತನ್ನ ಆ ಧಾರಾಳದ ದನಿ ಎಲ್ಲರಿಗೂ ಕೇಳಿಸುತ್ತದೆ. ನಾಳೇನೇ. ಎಲ್ಲರೂ ಲೆಕ್ಕ ಹಾಕುತ್ತಾರೆ. ಅವನು ಕಟ್ ಮಾಡಪ್ಪ ಎನ್ನಲು ಬಾಯಿ ತೆರೆದ. ರಾತ್ರಿಯಿಡೀ ತನ್ನ ಬೆರಳನ್ನು ತಡೆದು ಕೂತಿದ್ದ ಆ ಒಣಗಿದ ಕೆಂಪು, ಪಕ್ಕದಲ್ಲೇ, ಸುರೇಶ ಕಿತ್ತಿಟ್ಟ ಗುಂಡಿಯ ತಳದಲ್ಲಿ ಕಾಣುತ್ತಿತ್ತು.

"ಕಟ್ ಬೇಡ. ಹೆಂಗಿದ್ಯೋ ಹಂಗೇ ಸೀಡಿಗೆ ಹಾಕು" ಎಂದ. ಹೇಳಿದ ಮೇಲೆ ಹೆದರಿಕೆ ಹೋಗಲಿಲ್ಲ.

ಸುರೇಶ ಯಂತ್ರವನ್ನೂ ಎಬ್ಬಿಸಿಕೊಟ್ಟ. ದನಿಯನ್ನೆಲ್ಲ ಹೊರಗೆ ತೆಗೆದಿಟ್ಟುಕೊಂಡು, ರಿಕವರಿ ನಡೆಸಿ, ಮತ್ತೆ ಒಳಗೆ ಹಾಕಿದ. ಗುಂಡಿಯನ್ನು ಸ್ಪಿರಿಟ್ಟಿನಲ್ಲಿ ತೊಳೆದು ಕೂರಿಸಿದ. ಆದರೂ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಉಳಿಯಿತು. "ಅದು ಪ್ಲಾಸ್ಟಿಕ್ಕಿಗೇ ಹಿಡ್ಕೊಂಡಿದೆ, ಹೋಗಲ್ಲ ಸಾರ್."

ಸಂಜೆಯ ಹೊತ್ತಿಗೆ ತೇವ ಕೊನೆಗೂ ಮನಸ್ಸು ಮಾಡಿ ಹನಿಯಾಗಿ ಬಿದ್ದು ನಿಂತಿತ್ತು. ರೆಹಾನಾಳ ಮನೆಯ ಮುಂದೆ ಶಾಮಿಯಾನದ ಬಟ್ಟೆ ನೀರು ಹಿಡಿದು ಜೋತಿತ್ತು. ಒಳಗಿನಿಂದ ಮೆಹಂದಿಯ ವಾಸನೆ, ಹುಡುಗಿಯರ ನಗು, ಅದರ ನಡುವೆ ರುಖ್ಸಾರ್‌ಳ ದನಿ. ತಂದೆಯ ಹಾಗೆ ಎಲ್ಲರಿಗಿಂತ ಒಂದು ಮೆಟ್ಟಿಲು ಮೇಲೆ. ಯೋಗಾನಂದ ವರಾಂಡದಲ್ಲೇ ನಿಂತ. ಒಳಗೆ ಕರೆದರೂ ಹೋಗಲಿಲ್ಲ. ರೆಹಾನಾ ಬಂದಳು, ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಕುರ್ಚಿಯ ಮೇಲಿಟ್ಟು ಮುಚ್ಚಳ ತೆರೆದಳು. ತೆರೆಯದಿದ್ದರೆ ಎಂದು ಅವನು ದಾರಿಯಿಡೀ ಬೇಡಿಕೊಂಡಿದ್ದ. ಅವಳ ಕಣ್ಣು ಮೇಲಿನ ಸಾಲಿಗೆ ಹೋಯಿತು. ಬೆರಳಿನಿಂದ ಆ ಕೆಂಪನ್ನು ಮುಟ್ಟಿದಳು.

"ಕುಂಕುಮ" ಎಂದ ಯೋಗಾನಂದ. "ಹಬ್ಬದ ದಿನ ನಾನೇ ಹಚ್ಚಿದ್ದು. ನಿಮ್ಮನ್ನ ಕೇಳ್ಬೇಕಿತ್ತು."

ರೆಹಾನಾ ಅವನನ್ನು ನೋಡಿದಳು. "ಶೆಡ್ಡಲ್ಲಿ ಕೆಲಸದೋರು ಲೇತಿಗೆ ಹಚ್ತಿದ್ರಲ್ಲ, ಪ್ರತಿ ವರ್ಷ. ಇವ್ರು ಕಡ್ಲೆಪುರಿ ಹಂಚಿ ಬರೋರು. ಆಮೇಲೆ ಒಂದು ವಾರ ಬೈಕೊಂಡ್ ಬೈಕೊಂಡ್ ಉಜ್ಜೋರು, ಎಣ್ಣೆ ಜೊತೆ ಸೇರ್ಕೊಂಡು ಅಂಟು ಅಂಟು ಆಗುತ್ತೆ ಅಂತ." ಸ್ವಲ್ಪ ನಕ್ಕಳು. "ಕೇಳಿದ್ರೆ ಜಾಗ ತೋರಿಸ್ತಿದ್ದೆ ಅಣ್ಣಾ, ಎಲ್ಲಿ ಹಚ್ಬೇಕು ಅಂತ."

ಅವನಿಗೆ ಉಸಿರು ಬಂತು. ಆದರೆ ಅದು ಚಿಕ್ಕ ಹೆದರಿಕೆ. ದೊಡ್ಡದು ಇನ್ನೂ ಚೀಲದ ತಳದಲ್ಲಿತ್ತು. "ಕೊನೇಲಿ" ಎಂದ, ನಿಲ್ಲಿಸಿದ. "ಕೊನೇ ರೆಕಾರ್ಡಿಂಗಲ್ಲಿ, ದುವಾ ಆದ್ಮೇಲೆ, ನನ್ನ ಮಾತೂ ಸೇರ್ಕೊಂಡಿದೆ. ಅದನ್ನ ತೆಗೆದಿಲ್ಲ."

ಒಳಗೆ ಯಾರೋ ಜೋರಾಗಿ ನಕ್ಕರು. ರೆಹಾನಾ ಮುಚ್ಚಳವನ್ನು ಮೆಲ್ಲಗೆ ಹಾಕಿದಳು, ಮಲಗಿದ ಮಗುವಿಗೆ ಹೊದಿಸುವ ಹಾಗೆ.

"ಗೊತ್ತಣ್ಣಾ. ಅವತ್ತು ಪರದೆ ಹಿಂದೇನೇ ಇದ್ದೆ ನಾನು, ಚಾಯ್ ಹಿಡ್ಕೊಂಡು. ನಾಳೆ ಅಂದಿದ್ರಿ."

ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಇಷ್ಟು ದಿನ ಎದುರು ಸಾಲಿನಿಂದ ಕಡ್ಲೆಪುರಿಗೆ, ಮೊಸರಿಗೆ, ಕರಿಬೇವಿಗೆ ಬಂದು ಹೋಗುತ್ತಿದ್ದವಳು ಒಂದು ಸಲವೂ ಕೇಳಿರಲಿಲ್ಲ. ಪ್ರತಿ ಸಲವೂ ಅವಳಿಗೆ ಗೊತ್ತಿತ್ತು.

ಯೋಗಾನಂದ ಚೀಲದೊಳಗೆ ಕೈಯಿಳಿಸಿದ. ಮಳೆ ತಾಗದಿರಲೆಂದು ರಾಧಾಮಣಿಯ ದುಪ್ಪಟಿಯ ಮಡಿಕೆಯಲ್ಲಿಟ್ಟಿದ್ದ ಬಿಳಿಯ ಕಾಗದದ ಚೀಲವನ್ನು ಹೊರಗೆ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಮುಂದೆ ಚಾಚಿದ. ಅವಳು ಮೆಹಂದಿಯ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು, ಅಂಚು ಹಿಡಿದು, ಆ ದುಂಡನೆಯದನ್ನು ಇಸಿದುಕೊಂಡಳು.